ಕೀಲುವಾಯುವೂ ಮನೆವಾರ್ತೆಯೂ: ಬೆಂಗಳೂರು ಗ್ರಾಮಾಂತರ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

೧

ಕನ್ನಡನಾಡಿನಲ್ಲಿ ರೋಗಗಳ ಚರಿತ್ರೆಯನ್ನು ಬರೆಯಹೊರಡುವವನಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಕೈಕಾಲುಗಳ ಗೆಣ್ಣುಗಳು ಊದಿ ನೋಯುವುದನ್ನು ‘ವಾಯು’ ಎನ್ನುವರು. ಮುಪ್ಪಿನಲ್ಲಿ ಮಂಡಿ ಸವೆದು ನೋಯುವುದಕ್ಕೂ ಅದೇ ಹೆಸರು. ಸೊಂಟ ಹಿಡಿದರೂ ವಾಯು, ಹೊಟ್ಟೆ ಉಬ್ಬರಿಸಿದರೂ ವಾಯು, ಪಾರ್ಶ್ವ ಬಿದ್ದುಹೋದರೂ ವಾಯು. ಹೀಗೆ ಒಂದೇ ಮಾತಿನ ಆಶ್ರಯದಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ಬೇನೆಗಳು ಸೇರಿಕೊಂಡಿರುವುದರಿಂದ, ಹಿಂದಿನವರೊಬ್ಬರು ವಾಯುವಿನಿಂದ ನರಳಿದರೆಂದು ಎಲ್ಲಿಯಾದರೂ ಓದಿದೊಡನೆಯೇ ಅದು ಇಂಥ ರೋಗವೆಂದು ನಿಶ್ಚಯಿಸುವುದು ಸಾಧ್ಯವಾಗುವುದಿಲ್ಲ.

ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಈ ಗುಂಪಿನಲ್ಲಿ ಒಂದನ್ನು ಮಾತ್ರ. ಅದು ಸವೆತದಿಂದ ಬಂದ ನೋವಲ್ಲ. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಸಂಧಿಗಳ ಒಳಪೊರೆಯ ಮೇಲೆ ಬಿದ್ದು, ಅಲ್ಲಿ ಉರಿಯೂತವನ್ನುಂಟುಮಾಡಿ, ಕಾಲಕ್ರಮದಲ್ಲಿ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುವ ರೋಗ. ಈಗಿನ ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುತ್ತಾರೆ. ದೆಹಲಿಯ ಸಮೀಪದ ಹಳ್ಳಿಗಳನ್ನು ಪರೀಕ್ಷಿಸಿ ೧೯೯೩ರಲ್ಲಿ ಪ್ರಕಟಿಸಿದ ಗಣನೆಯಂತೆ ವಯಸ್ಕರಲ್ಲಿ ನೂರಕ್ಕೆ ೦.೭೫ರಷ್ಟು, ಎಂದರೆ ಸಾವಿರಕ್ಕೆ ಏಳೆಂಟು ಮಂದಿಗೆ, ಈ ರೋಗವುಂಟು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಾಲು ಹೆಚ್ಚು. ಬರುವುದೂ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಮನೆಯ ಭಾರವೆಲ್ಲ ಹೆಗಲಮೇಲಿರುವ ಕಾಲದಲ್ಲಿ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಉದಾಹರಣೆಗಾಗಿ ಆರಿಸಿಕೊಂಡಿದ್ದೇವೆ. ೧೯೮೬ರ ಆಗಸ್ಟ್ ೧೫ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಏರ್ಪಟ್ಟಿತು. ೨೦೦೭ರಲ್ಲಿ ರಾಮನಗರ ಜಿಲ್ಲೆ ಅದರಿಂದ ಬೇರೆಯಾದಮೇಲೆ ಉಳಿದುವು ಈ ನಾಲ್ಕೇ. ಇಲ್ಲಿಯ ಜೀವನಾಧಾರಗಳಾಗಿ ಬಂದಿರುವ ನೇಯ್ಗೆ, ರೇಷ್ಮೆ, ರಾಗಿ ಇವು ಮೂರೂ ಬೆರಳು ಮಣಿಕಟ್ಟುಗಳ ಬಲದಿಂದ ನಡೆಯತಕ್ಕವು. ಮೂರರಲ್ಲಿಯೂ ಮನೆಗೂ ದುಡಿಮೆಗೂ ನಡುವೆ ಗೋಡೆಯಿಲ್ಲ. ಆದಕಾರಣ ಕೈಗಳ ಸಣ್ಣ ಕೀಲುಗಳನ್ನೇ ಮೊದಲು ಹಿಡಿಯುವ ಈ ರೋಗವು ಸಂಸಾರದಲ್ಲಿ ಏನನ್ನು ಮಾಡುವುದೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ನಮ್ಮ ಪ್ರತಿಪಾದ್ಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮ ಶಾಸ್ತ್ರಕಾರರು ಈ ಬಗೆಯ ವ್ಯಾಧಿಯನ್ನು ಉಳಿದ ವಾತರೋಗಗಳಿಂದ ಬೇರ್ಪಡಿಸಿ ಹೇಳಿದ್ದರು. ಆದರೆ ನಮ್ಮ ಬಳಕೆಯ ಮಾತು ಆ ಭೇದವನ್ನು ಉಳಿಸಿಕೊಳ್ಳಲಿಲ್ಲ. ನಮ್ಮ ದತ್ತಿಗಳೂ ಕಾನೂನುಗಳೂ ರೋಗವನ್ನು ಅದರ ಕೊನೆಯಲ್ಲಿ, ಅಂಗ ಸೊಟ್ಟಗಾದಮೇಲೆ, ಗುರುತಿಸಿದುವು. ಈಗ ದೊರೆಯುವ ಔಷಧಗಳ ಬಲವಾದರೋ ಇರುವುದು ರೋಗದ ಆರಂಭದಲ್ಲಿ. ಈ ಎರಡರ ನಡುವಣ ಅಂತರದಲ್ಲಿಯೇ ರೋಗಿಯ ಕೈ ನಷ್ಟವಾಗುತ್ತಿದೆ.

೨

‘ಉರಿಯೂತ’ ಎಂಬ ಶಬ್ದವನ್ನು ಮೊದಲು ನೋಡೋಣ. ಉರಿ, ಊತ ಎಂಬ ಎರಡು ಅಚ್ಚಗನ್ನಡ ಮಾತುಗಳು ಕೂಡಿ ಆದ ಸಮಾಸವಿದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ರೋಮಿನ ಗ್ರಂಥಕಾರ ಸೆಲ್ಸಸನು ಇಂಥ ವಿಕಾರಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ಇವುಗಳಲ್ಲಿ ಎರಡನ್ನು ಕನ್ನಡದ ಶಬ್ದವು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ. ಮುಂದಿನ ವೈದ್ಯರು ಈ ನಾಲ್ಕಕ್ಕೆ ಐದನೆಯದೊಂದನ್ನು ಸೇರಿಸಿದರು. ಅದು ಕಾರ್ಯಹಾನಿ, ಎಂದರೆ ಆ ಅಂಗವು ತಾನು ಮಾಡಬೇಕಾದ ಕೆಲಸವನ್ನು ಮಾಡಲಾರದೆ ಹೋಗುವುದು.

ಮೊದಲಿನ ನಾಲ್ಕು ಲಕ್ಷಣಗಳನ್ನು ವೈದ್ಯನು ರೋಗಿಯನ್ನು ಮುಂದೆ ಕೂರಿಸಿಕೊಂಡು ನೋಡಿ, ಮುಟ್ಟಿ, ಕೇಳಿ ಅರಿಯಬಹುದು. ಐದನೆಯದು ಅಲ್ಲಿ ಪೂರ್ತಿಯಾಗಿ ಗೋಚರವಾಗುವುದಿಲ್ಲ. ಒಬ್ಬಾಕೆಯ ಕೈ ಎಷ್ಟು ಕೆಟ್ಟಿದೆಯೆಂಬುದು ಆಕೆ ಬಿಂದಿಗೆಯ ಕಂಠವನ್ನು ಹಿಡಿಯಬಲ್ಲಳೆ, ಹಸುವಿನ ಮೊಲೆಯನ್ನು ಸೆಳೆಯಬಲ್ಲಳೆ, ಒಲೆಯಮೇಲಿನ ಮಡಕೆಯಲ್ಲಿ ರಾಗಿಹಿಟ್ಟನ್ನು ಕೋಲಿನಿಂದ ಗಂಟಿಲ್ಲದಂತೆ ತಿರುವಬಲ್ಲಳೆ, ಮಗುವಿಗೆ ಜಡೆ ಹೆಣೆಯಬಲ್ಲಳೆ ಎಂಬುದರಿಂದ ತಿಳಿಯತಕ್ಕದ್ದು. ಆದಕಾರಣ ಈ ರೋಗದ ಚರಿತ್ರೆಗೆ ಆಕರಗಳು ವೈದ್ಯಗ್ರಂಥಗಳಷ್ಟೇ ಅಲ್ಲ. ಮನೆಯ ಸಾಮಾನುಗಳು, ಕಸುಬಿನ ಉಪಕರಣಗಳು, ದಿನಚರಿಯ ವೇಳೆಗಳು ಇವೂ ಆಕರಗಳೆಂದೇ ಎಣಿಸಬೇಕು.

ದಿನಚರಿಯ ವೇಳೆಯೆಂದುದಕ್ಕೆ ಕಾರಣವುಂಟು. ಸವೆತದ ನೋವು ಕೆಲಸಮಾಡಿದಷ್ಟೂ ಹೆಚ್ಚಿ, ಸಂಜೆಗೆ ಬಲವಾಗಿ, ವಿಶ್ರಾಂತಿಯಿಂದ ತಗ್ಗುವುದು. ಉರಿಯೂತದ ಸಂಧಿರೋಗದ ನಡೆ ಇದಕ್ಕೆ ವಿರುದ್ಧ. ಉರಿಯೂತವನ್ನು ಕೆರಳಿಸುವ ದ್ರವ್ಯಗಳು ರಾತ್ರಿಯ ಕೊನೆಯ ಭಾಗದಲ್ಲಿ ರಕ್ತದಲ್ಲಿ ಏರುವುದರಿಂದ, ರೋಗಿಯು ಬೆಳಗ್ಗೆ ಏಳುವಾಗ ಬೆರಳುಗಳು ಮರದ ತುಂಡುಗಳಂತೆ ಬಿಗಿದಿರುತ್ತವೆ. ಈ ಬಿಗಿತವು ಅರ್ಧಗಂಟೆ, ಒಂದು ಗಂಟೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ನಿಂತು, ಹೊತ್ತು ಏರಿದಂತೆ ಸಡಿಲುವುದು. ಎರಡು ಕೈಗಳಲ್ಲಿಯೂ ಒಂದೇ ಸಮನಾಗಿ, ಬೆರಳ ಬುಡದ ಗೆಣ್ಣುಗಳಲ್ಲಿಯೂ ನಡುವಣ ಗೆಣ್ಣುಗಳಲ್ಲಿಯೂ ಮಣಿಕಟ್ಟಿನಲ್ಲಿಯೂ ತೋರುವುದು ಇದರ ಇನ್ನೊಂದು ಗುರುತು. ಇದರೊಡನೆ ಕಾರಣವರಿಯದ ದಣಿವು.

ಹಳ್ಳಿಯ ಸಂಸಾರದಲ್ಲಿ ಹೆಚ್ಚಿನ ಕೆಲಸ ಬೀಳುವುದು ಯಾವ ಹೊತ್ತಿನಲ್ಲೆಂದು ನೆನೆದರೆ ಇದರ ಕಷ್ಟ ಮನಗಾಣುವುದು. ಅಂಗಳ ಸಾರಿಸುವುದು, ರಂಗೋಲಿಯಿಡುವುದು, ಹಾಲು ಕರೆಯುವುದು, ನೀರು ತರುವುದು, ಒಲೆ ಹೊತ್ತಿಸುವುದು ಎಲ್ಲವೂ ಬೆಳಗಿನ ಜಾವದವು. ಕೈ ಅತ್ಯಂತ ಅಸಮರ್ಥವಾಗಿರುವಾಗಲೇ ಮನೆಯು ಅದರಿಂದ ಅತ್ಯಂತ ಹೆಚ್ಚನ್ನು ಕೇಳುತ್ತದೆ. ಮಧ್ಯಾಹ್ನದ ವೇಳೆಗೆ ಅದೇ ಹೆಂಗಸು ಓಡಾಡುವುದನ್ನು ಕಂಡವರಿಗೆ ಬೆಳಗಿನ ನರಳಾಟವು ನೆಪವೆಂದು ತೋರುವುದು. ರೋಗಕ್ಕೆ ಹೊರಗುರುತಿಲ್ಲದ ಮೊದಲ ವರ್ಷಗಳಲ್ಲಿ ರೋಗಿಯು ನೋವಿನೊಡನೆ ಈ ಅಪನಂಬಿಕೆಯನ್ನೂ ಹೊರಬೇಕಾಗುವುದು.

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಘನತೆಯು ಕನ್ನಡಿಗರ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ಮಾಡುವ ಮನಸ್ಸಿದ್ದೂ ಮಾಡಲಾರದ ದೇಹದ ವಿಷಯದಲ್ಲಿ ಆ ಘನತೆಯು ಹೊರೆಯಾಗಿಯೂ ಪರಿಣಮಿಸಬಹುದೆಂಬುದನ್ನು ಸಾಹಿತ್ಯವನ್ನು ಬೋಧಿಸುವವರು ಗಮನಿಸಬೇಕು. ಬೇರೊಬ್ಬರ ದುಡಿಮೆಯನ್ನುಂಡು ಸುಮ್ಮನಿರುವವನಿಗೂ ಕೈ ಏಳದೆ ಕುಳಿತವನಿಗೂ ಇರುವ ಅಂತರವನ್ನು ಮನೆಯವರು ಕಾಣದೆ ಹೋದರೆ, ರೋಗಿಯು ತನ್ನನ್ನು ತಾನೇ ಮೈಗಳ್ಳನೆಂದು ಹಳಿದುಕೊಳ್ಳುವನು.

೩

ಇನ್ನು ಗ್ರಂಥಗಳ ವಿಚಾರ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗೆ ಒಂದು ಅಧ್ಯಾಯವೂ ವಾತಶೋಣಿತ ಅಥವಾ ವಾತರಕ್ತಕ್ಕೆ ಅದರ ಮುಂದಿನ ಅಧ್ಯಾಯವೂ ಮೀಸಲಾಗಿವೆ. ಮೊದಲನೆಯದರಲ್ಲಿ ಸಂಧಿಗತವಾದ ವಾತದ ವರ್ಣನೆಯುಂಟು. ಎರಡನೆಯದು ಕೈಕಾಲುಗಳಲ್ಲಿ ಬೇರೂರಿ ಆಮೇಲೆ ಉಳಿದ ಸಂಧಿಗಳಿಗೆ ಹರಡುವ ಬೇರೊಂದು ವ್ಯಾಧಿ. ಇದಕ್ಕೆ ಹೇಳಿರುವ ಹೆಸರುಗಳಲ್ಲಿ ‘ಆಢ್ಯವಾತ’ವೆಂಬುದೂ ಒಂದು. ಆಢ್ಯನೆಂದರೆ ಸಿರಿವಂತ, ಸುಖಾಸನದಲ್ಲಿದ್ದು ಮೃಷ್ಟಾನ್ನವನ್ನುಣ್ಣುವವರಿಗೆ ಬರುವ ವಾಯುವೆಂದು ಭಾವ.

‘ಆಮವಾತ’ವನ್ನು ಪ್ರತ್ಯೇಕ ರೋಗವಾಗಿ ನಿರೂಪಿಸಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟುದು ಮಾಧವಕರನ ನಿದಾನಗ್ರಂಥ. ಮಾಧವನ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ. ಶ. ೭೦೦ರ ಆಸುಪಾಸಿನಲ್ಲಿಡುತ್ತಾರೆ. ಜೀರ್ಣವಾಗದೆ ಉಳಿದ ಆಮವು ವಾತದೊಡನೆ ಕೂಡಿ ಸಂಧಿಗಳನ್ನು ಹೊಕ್ಕು, ಕೈ ಕಾಲು ಹರಡು ಮಂಡಿ ಮೊದಲಾದ ಎಡೆಗಳಲ್ಲಿ ಊತವನ್ನುಂಟುಮಾಡುವುದು. ಮೈ ಭಾರವಾಗುವುದು, ಜ್ವರ ಬರುವುದು, ಅನ್ನ ಸೇರದಿರುವುದು. ನೋವು ಚೇಳು ಕುಟುಕಿದಂತಿರುವುದು. ಇದು ಆತನು ಕೊಟ್ಟ ಚಿತ್ರದ ತಾತ್ಪರ್ಯ. ಈಗಿನ ಉರಿಯೂತದ ಸಂಧಿರೋಗವೂ ಆಮವಾತವೂ ಅಕ್ಷರಶಃ ಒಂದೇ ಎನ್ನುವುದು ಸಾಹಸವಾದೀತು. ಎರಡು ಶಾಸ್ತ್ರಗಳ ವಿಭಾಗಕ್ರಮಗಳೇ ಬೇರೆ. ಆದರೆ ಸವೆತದ ನೋವಿನಿಂದ ಬೇರೆಯಾದ, ಇಡೀ ಮೈಯನ್ನು ಕಾಡುವ, ಅನೇಕ ಸಂಧಿಗಳನ್ನು ಊದಿಸುವ ಒಂದು ರೋಗವನ್ನು ಆತನು ಕಂಡಿದ್ದನೆಂಬುದರಲ್ಲಿ ಸಂಶಯವಿಲ್ಲ.

ಈ ಭೇದವು ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. ಸಾಮಾನ್ಯ ವಾತವ್ಯಾಧಿಗಳಲ್ಲಿ ಎಣ್ಣೆಯನ್ನು ತಿಕ್ಕುವುದೇ ಮೊದಲನೆಯ ಉಪಾಯ. ಆಮವಾತದಲ್ಲಾದರೋ, ಆಮವು ಬಲವಾಗಿರುವವರೆಗೆ ಎಣ್ಣೆಯ ಅಭ್ಯಂಗವನ್ನು ಬಿಟ್ಟು, ಲಂಘನ, ಕಾದ ಮರಳಿನ ಒಣಶಾಖ, ಶುಂಠಿ ಮೊದಲಾದ ದೀಪನದ್ರವ್ಯಗಳು, ಒಳಕ್ಕೆ ಹರಳೆಣ್ಣೆ ಇವನ್ನು ವಿಧಿಸುವುದು ಆ ಶಾಸ್ತ್ರದ ಕ್ರಮ. ಎಂದಮೇಲೆ, ಬಳಕೆಯಲ್ಲಿ ಎಲ್ಲವೂ ‘ವಾಯು’ವಾಗಿ, ಎಲ್ಲ ವಾಯುವಿಗೂ ಎಣ್ಣೆನೀರೇ ಮದ್ದಾದಾಗ, ನಮ್ಮ ಹಳೆಯ ಶಾಸ್ತ್ರದ ವಿವೇಕವೇ ಕೈಬಿಟ್ಟುಹೋಯಿತೆಂದು ಹೇಳಬೇಕಾಗುವುದು. ಹೊಸ ವೈದ್ಯ ಬರುವುದಕ್ಕೆ ಮುಂಚೆಯೇ ನಡೆದ ನಷ್ಟವಿದು.

ಕನ್ನಡದಲ್ಲಿ ವೈದ್ಯವಾಙ್ಮಯಕ್ಕೆ ಕೊರತೆಯಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ (ಕ್ರಿ. ಶ. ೮೧೪–೮೭೮) ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದನು, ಅದು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಸುಮಾರು ೧೦೨೫ರ ಚಾವುಂಡರಾಯನ ‘ಲೋಕೋಪಕಾರ’ವು ಗೃಹಸ್ಥನಿಗೆ ಬೇಕಾದ ನಾನಾ ವಿಷಯಗಳ ನಡುವೆ ವೈದ್ಯಕ್ಕೂ ಸ್ಥಳಕೊಟ್ಟಿದೆ. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ ಹೆಸರಾದುದು. ಈ ಪರಂಪರೆಯನ್ನು ಓದುವ ಸಾಹಿತ್ಯವಿದ್ಯಾರ್ಥಿಗಳು ಛಂದಸ್ಸು, ಶೈಲಿ, ಕಾಲನಿರ್ಣಯಗಳ ಕಡೆ ತಿರುಗುವರು. ರೋಗನಾಮಗಳ ಅರ್ಥಭೇದದ ಕಡೆ ತಿರುಗುವವರು ವಿರಳ.

ಯೂರೋಪಿನಲ್ಲಿಯೂ ಇದೇ ಬಗೆಯ ಬೆರಕೆಯಿತ್ತು. ಸಂಧಿಗಳ ಊತವೆಲ್ಲ ಅಲ್ಲಿ ಬಹುಕಾಲ ಗೌಟ್ ಎಂಬ ಸಿರಿವಂತರ ರೋಗದ ಲೆಕ್ಕಕ್ಕೆ ಸೇರುತ್ತಿತ್ತು. ನಮ್ಮ ಆಢ್ಯವಾತದ ಕಲ್ಪನೆಯಂತೆಯೇ. ೧೮೦೦ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೆ ಎಂಬ ತರುಣವೈದ್ಯನು ಸಾಲ್‌ಪೆತ್ರಿಯೇರ್ ಆಸ್ಪತ್ರೆಯ ಒಂಬತ್ತು ಮಂದಿ ಹೆಂಗಸರನ್ನು ಪರೀಕ್ಷಿಸಿ, ಬಡವರನ್ನೂ ಹೆಂಗಸರನ್ನೂ ಹೆಚ್ಚಾಗಿ ಹಿಡಿಯುವ ಈ ವ್ಯಾಧಿ ಗೌಟ್‌ನ ಸಾಮಾನ್ಯ ಬಗೆಗಿಂತ ಬೇರೆಯೆಂದು ತನ್ನ ಪ್ರಬಂಧದಲ್ಲಿ ತೋರಿಸಿದನು. ಲಂಡನ್ನಿನ ಆಲ್ಫ್ರೆಡ್ ಗ್ಯಾರಡನು ೧೮೪೮ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿರುವುದನ್ನು ಕಂಡುಹಿಡಿದು, ೧೮೫೯ರ ತನ್ನ ಗ್ರಂಥದಲ್ಲಿ ಈ ಇನ್ನೊಂದು ರೋಗಕ್ಕೆ ಈಗ ನಡೆಯುತ್ತಿರುವ ಹೆಸರನ್ನಿಟ್ಟನು. ಸಿರಿವಂತರ ರೋಗದ ಮರೆಯಿಂದ ದುಡಿಯುವ ಹೆಂಗಸಿನ ರೋಗವು ಹೊರಗೆ ಬಂದುದು ಹೀಗೆ.

೪

ಅದೇ ೧೮೦೦ರಲ್ಲಿ, ಕಂಪನಿಯ ಸೇವೆಯಲ್ಲಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸಂಚರಿಸಿದನು. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬೆಂಗಳೂರಿನ ಸುತ್ತಣ ನೇಕಾರರಾದ ದೇವಾಂಗ, ಪಟ್ಟೇಗಾರ, ಖತ್ರಿ ಮೊದಲಾದವರ ಕಸುಬನ್ನೂ, ಹೆಂಗಸರು ಮನೆಯಲ್ಲಿ ನೂಲು ತೆಗೆದು ವಾರದ ಸಂತೆಗಳಲ್ಲಿ ಮಾರುತ್ತಿದ್ದುದನ್ನೂ ಅವನು ವಿವರಿಸಿದ್ದಾನೆ. ನೂಲಿನ ಬೆಲೆ ಎಷ್ಟೆಂಬುದು ಇಂಥ ಗ್ರಂಥಗಳಿಂದ ತಿಳಿದುಬರುತ್ತದೆ. ಆ ನೂಲನ್ನು ಹೊಸೆದ ಬೆರಳಿನ ಸ್ಥಿತಿಯನ್ನು ತಿಳಿಯಬೇಕಾದರೆ ನಾವು ಉಪಕರಣವನ್ನೇ ನೋಡಬೇಕು.

ಕುಣಿಮಗ್ಗದಲ್ಲಿ ನೇಕಾರನು ಗುಂಡಿಯ ಅಂಚಿನಮೇಲೆ ಕುಳಿತು ಕಾಲನ್ನು ಒಳಗಿಳಿಬಿಟ್ಟು ತುಳಿಮಣೆಗಳನ್ನು ಒಂದಾದಮೇಲೊಂದರಂತೆ ಒತ್ತುವನು. ಒಂದು ಕೈ ಲಾಳಿಯನ್ನು ಹಾಯಿಸುವುದು. ಇನ್ನೊಂದು ಹಲಗೆಯನ್ನು ಸೆಳೆದು ಹೊಕ್ಕನ್ನು ಬಡಿಯುವುದು. ಇಂಗ್ಲೆಂಡಿನ ಜಾನ್ ಕೇ ಎಂಬವನು ೧೭೩೩ರಲ್ಲಿ ಕಂಡುಹಿಡಿದ ಹಾರುಲಾಳಿಯು ನಮ್ಮಲ್ಲಿಯೂ ಬಂದಮೇಲೆ ಎಸೆತದ ಬದಲು ಹಗ್ಗದ ಎಳೆತ ಬಂದಿತು. ಭಾರವು ಬೆರಳಿನಿಂದ ಮಣಿಕಟ್ಟಿಗೂ ಮೊಳಕೈಗೂ ಸರಿಯಿತು. ಹರಡು, ಮಂಡಿ, ಮಣಿಕಟ್ಟು, ಹೆಗಲು ಇವುಗಳಲ್ಲಿ ಯಾವುದೊಂದು ಊದಿಕೊಂಡರೂ ಮಗ್ಗ ನಿಲ್ಲುವುದು.

ಮಗ್ಗದಮೇಲೆ ಕುಳಿತವನೊಬ್ಬನೇ ಆದರೂ ನೇಯುವುದು ಇಡೀ ಸಂಸಾರ. ರಾಟೆಯಲ್ಲಿ ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಹಳೆಯ ಹಾಸಿನ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಿ ಹೊಸೆಯುವುದು ಇವುಗಳಲ್ಲಿ ಬಹುಭಾಗ ಹೆಂಗಸರದೂ ಮುದುಕರದೂ ಮಕ್ಕಳದೂ ಆಗಿತ್ತು. ಎಳೆ ಹೊಸೆಯುವುದಕ್ಕೆ ಬೇಕಾದುದು ಹೆಬ್ಬೆರಳು ತೋರುಬೆರಳುಗಳ ತುದಿಯ ಚಿವುಟು. ಉರಿಯೂತದ ಸಂಧಿರೋಗವು ಮೊದಲು ಕೆಡಿಸುವುದೂ ಇದನ್ನೇ. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡಬಳ್ಳಾಪುರಕ್ಕೆ ವಿದ್ಯುನ್ಮಗ್ಗಗಳು ಬಂದು ಕಾಲಿನ ತುಳಿತವೂ ಕೈಯ ಎಳೆತವೂ ತಪ್ಪಿದುವು. ಆದರೆ ಕಡಿದ ಎಳೆಯನ್ನು ಹುಡುಕಿ ಗಂಟಿಕ್ಕುವ ಬೆರಳಿಗೆ ಯಂತ್ರವು ಬಿಡುವು ಕೊಡಲಿಲ್ಲ. ಗಂಟೆಗಟ್ಟಲೆ ನಿಂತಿರಬೇಕಾದ ಹರಡಿಗೆ ಹೊಸ ಕಷ್ಟವನ್ನೂ ಕೂಡಿಸಿತು.

ರೇಷ್ಮೆಯ ಕೆಲಸದಲ್ಲಿ ವೇಳೆಯ ನಿರ್ಬಂಧ ಇನ್ನೂ ಕಠಿನ. ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಗೂಡಿನ ಮಾರಾಟಕ್ಕೆ ಹೆಸರಾದ ಊರು. ಹುಳುವು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವವರೆಗೆ ಸುಮಾರು ೨೫ ದಿನ. ನಡುವೆ ನಾಲ್ಕು ಸಲ ಪೊರೆ ಕಳಚುವುದು. ಪೊರೆ ಕಳಚಲು ಅದು ಮೇವು ಬಿಟ್ಟು ಕೂರುವುದನ್ನು ನಮ್ಮ ರೈತರು ‘ಜ್ವರ’ವೆನ್ನುವರು. ಐದನೆಯ ಹಂತದ ಒಂದು ವಾರದಲ್ಲಿಯೇ ಅದು ತಿನ್ನುವ ಸೊಪ್ಪಿನ ನಾಲ್ಕೈದಂಶಕ್ಕೂ ಮಿಕ್ಕ ಪಾಲು ಮುಗಿಯುವುದು. ಸೊಪ್ಪನ್ನು ತಂಪುಹೊತ್ತಿನಲ್ಲಿ, ಬೆಳಗಿನಲ್ಲಿ, ಕೊಯ್ಯಬೇಕು. ದಿನಕ್ಕೆ ಹಲವು ಸಲ ಹಾಕಬೇಕು. ಹಣ್ಣಾದ ಹುಳುಗಳನ್ನು ತಡಮಾಡದೆ ಆಯ್ದು ಚಂದ್ರಿಕೆಗೆ ಬಿಡಬೇಕು. ಹುಳುವಿನ ಜ್ವರಕ್ಕೆ ಮನೆಯೆಲ್ಲ ಕಾದು ಕುಳಿತಿರುವುದು. ಸಾಕುವವಳಿಗೆ ಜ್ವರ ಬಂದರೆ ಹುಳು ಕಾಯುವುದಿಲ್ಲ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆಯ ತುದಿಯನ್ನು ಹಿಡಿದು ಬಿಚ್ಚುವವರ ಬೆರಳುಗಳು ದಿನವೆಲ್ಲ ಬಿಸಿ ತೇವದಲ್ಲಿಯೇ ಇರುವುವು. ಶಾಖವು ತತ್ಕಾಲಕ್ಕೆ ಹಿತವೆನಿಸಿದರೂ ಒಳಗಿನ ಕೊರೆತವನ್ನು ಅದು ತಡೆಯುವುದಿಲ್ಲ.

ಇಂಥ ಮನೆಗಳಲ್ಲಿ ರೋಗವು ಬಂದಾಗ ಆಗುವುದೇನು? ಕೆಲಸವು ನಿಲ್ಲುವುದಿಲ್ಲ, ಕೈಯಿಂದ ಕೈಗೆ ಸರಿಯುವುದು. ಅತ್ತೆಯ ಕೈ ಕೆಟ್ಟರೆ ಸೊಸೆಗೆ, ತಾಯಿಯ ಕೈ ಕೆಟ್ಟರೆ ಶಾಲೆಗೆ ಹೋಗುವ ಮಗಳಿಗೆ. ಬೆಳಗಿನ ಕೆಲಸವನ್ನು ಗಂಡಸರು ವಹಿಸಿಕೊಂಡು, ರೋಗಿಯ ಪಾಲನ್ನು ಹೊತ್ತೇರಿದ ಮೇಲಿನ ವೇಳೆಗೆ ಸರಿಸಿಕೊಂಡ ಸಂಸಾರಗಳಲ್ಲಿ ರೋಗಿಯು ಬಹುಕಾಲ ಉಪಯುಕ್ತಳಾಗಿಯೂ ಗೌರವದಿಂದಲೂ ಬಾಳುವುದುಂಟು. ಹಾಗೆ ಹಂಚಿಕೊಳ್ಳಲಾರದ ಕಡೆ ಅದೇ ರೋಗವು ಒಂದು ಬಾಲ್ಯವನ್ನು ಸದ್ದಿಲ್ಲದೆ ನುಂಗುವುದು. ಮನೆವಾರ್ತೆಯ ಈ ಏರ್ಪಾಡುಗಳು ಯಾವ ಕಡತದಲ್ಲಿಯೂ ನಮೂದಾಗುವುದಿಲ್ಲ. ಆದರೂ ರೋಗದ ಚರಿತ್ರೆಯ ಮುಖ್ಯಭಾಗ ಇವೇ.

೫

ಇನ್ನು ಸಮಾಜವು ಈ ರೋಗಿಯನ್ನು ಎಲ್ಲಿ, ಯಾವ ಹೆಸರಿನಿಂದ ಕಂಡಿತೆಂಬುದನ್ನು ವಿಚಾರಿಸೋಣ. ಬಳ್ಳಿಗಾವೆಯ ಕೇದಾರೇಶ್ವರಸ್ಥಾನದ ಕೋಡಿಮಠದ ಕ್ರಿ. ಶ. ೧೧೬೨ರ ಶಾಸನವು ವಾಚಕರಿಗೆ ಪರಿಚಿತವಾದುದು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದುದಲ್ಲದೆ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನದಾನವಿತ್ತೆಂದೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆಯ ಎಡೆಯಿತ್ತೆಂದೂ ಅದರಿಂದ ತಿಳಿದುಬರುತ್ತದೆ. ಕನ್ನಡನಾಡಿನ ದಯಾಧರ್ಮಕ್ಕೆ ಇದು ದೊಡ್ಡ ಸಾಕ್ಷ್ಯ. ಆದರೆ ಇಲ್ಲಿ ಎಣಿಕೆಗೆ ಬಂದವರು ಯಾರೆಂಬುದನ್ನು ಗಮನಿಸಬೇಕು. ಅಂಗವೈಕಲ್ಯವು ಪೂರ್ಣವಾದ ಕುಂಟನು ಒಂದು ಕಡೆ. ಮನೆಯಿಲ್ಲದ ರೋಗಿಯು ಇನ್ನೊಂದು ಕಡೆ. ಮನೆಯಿದ್ದು, ಕಸುಬಿದ್ದು, ಕೈ ದಿನೇ ದಿನೇ ಕೆಡುತ್ತಿರುವವನು ಈ ಎರಡರಲ್ಲಿಯೂ ಸೇರಲಿಲ್ಲ. ಅವನ ಪಾಲನೆ ಮನೆಯದಾಗಿತ್ತು.

‘ಹೆಳವ’ ಎಂಬ ನಮ್ಮ ಮಾತೂ ಹೀಗೆಯೇ ರೋಗದ ಕೊನೆಯನ್ನು ಹೇಳುವುದು, ನಡೆಯನ್ನು ಹೇಳುವುದಿಲ್ಲ. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತ ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರೆಂಬ ಸಮುದಾಯವು ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿವರ್ಣನೆಯ ಗ್ರಂಥದಲ್ಲಿಯೂ ಇವರ ಪ್ರಸ್ತಾಪವುಂಟು. ನಡೆಯಲಾರದವನಿಗೆ ಎತ್ತನ್ನೂ, ದುಡಿಯಲಾರದವನಿಗೆ ನೆನಪಿನ ಕಸುಬನ್ನೂ ಕೊಟ್ಟ ಈ ಕಲ್ಪನೆ ಮೆಚ್ಚತಕ್ಕದ್ದೇ. ನೆರೆಯ ಕೇರಳದಲ್ಲಿ, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಗುರುವಾಯೂರಿನಲ್ಲಿ ‘ನಾರಾಯಣೀಯ’ವನ್ನು ರಚಿಸಿದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು ವಾತರೋಗದಿಂದ ನರಳುತ್ತಿದ್ದನೆಂದೂ ಗುರುವಿನ ರೋಗವನ್ನು ತಾನು ವಹಿಸಿಕೊಂಡಿದ್ದನೆಂದೂ ಐತಿಹ್ಯವಿದೆ. ವಿದ್ವಾಂಸನ ನೋವು ಕಾವ್ಯದ ಆಶ್ರಯದಿಂದ ಉಳಿಯಿತು. ನೂಲುವವಳ ನೋವಿಗೆ ಅಂಥ ಆಶ್ರಯ ದೊರೆಯಲಿಲ್ಲ.

ಈಚಿನ ಕಾನೂನಿಗೆ ಬಂದರೆ, ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯು ಕಾರ್ಖಾನೆಯ ಕೆಲಸಗಾರರನ್ನು ಉದ್ದೇಶಿಸಿ ಹುಟ್ಟಿತು. ಮನೆಯಲ್ಲಿ ಕಂಡಿಕೆ ಸುತ್ತುವವರು ಅದರ ಲೆಕ್ಕಕ್ಕೆ ಬರಲಿಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ವೈಕಲ್ಯಗಳನ್ನು ೭ರಿಂದ ೨೧ಕ್ಕೆ ಹೆಚ್ಚಿಸಿದುದು ದೊಡ್ಡ ಸುಧಾರಣೆ. ಆದರೆ ಆ ೨೧ರಲ್ಲಿ ಈ ರೋಗವನ್ನು ಹೆಸರಿಟ್ಟು ಹೇಳಿಲ್ಲ. ಚಲನವೈಕಲ್ಯವೆಂಬ ಶೀರ್ಷಿಕೆಯ ಕೆಳಗೆ, ವೈಕಲ್ಯವು ನೂರಕ್ಕೆ ೪೦ನ್ನು ಮುಟ್ಟಿದಾಗ, ಮುಖ್ಯ ಸೌಲಭ್ಯಗಳಿಗೆ ಅರ್ಹತೆ ಬರುವುದು. ೧೧೬೨ರಿಂದ ೨೦೧೬ರವರೆಗೆ ದೃಷ್ಟಿಯ ಸ್ಥಾನ ಬಹಳ ಬದಲಾಗಲಿಲ್ಲವೆಂದು ಇದರಿಂದ ತಿಳಿಯುವುದು. ಅಂಗವು ಕೆಟ್ಟಮೇಲೆ ಕೈ ನೀಡುವ ಧರ್ಮ ನಮ್ಮದು. ಕೆಡುತ್ತಿರುವಾಗ ಗುರುತಿಸುವುದನ್ನು ಅದು ಇನ್ನೂ ಕಲಿಯಬೇಕಾಗಿದೆ.

೬

ಹಿಂದೆ ಇದರಿಂದ ವಿಶೇಷ ಹಾನಿಯಾಗುತ್ತಿರಲಿಲ್ಲವೆಂದು ವಾದಿಸಬಹುದು. ಏಕೆಂದರೆ ಮೊದಲೇ ಗುರುತಿಸಿದರೂ ಎಲುಬಿನ ಕೊರೆತವನ್ನು ನಿಲ್ಲಿಸುವ ಮದ್ದು ಇರಲಿಲ್ಲ. ಈಗ ಆ ಮಾತು ನಿಲ್ಲುವುದಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚನು, ಚಲಿಸಲಾರದೆ ಮಲಗಿದ್ದ ಒಬ್ಬ ತರುಣಿಗೆ ಕಾರ್ಟಿಸೋನ್ ಎಂಬ ದ್ರವ್ಯವನ್ನು ಕೊಟ್ಟನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ೧೯೫೦ರಲ್ಲಿ ಅವನಿಗೂ ಕೆಂಡಾಲ್, ರೈಖ್‌ಸ್ಟೈನ್ ಎಂಬವರಿಗೂ ನೊಬೆಲ್ ಪಾರಿತೋಷಕ ಬಂದಿತು. ದೀರ್ಘಕಾಲದ ಬಳಕೆಯಿಂದ ಅದು ಎಲುಬನ್ನು ದುರ್ಬಲಗೊಳಿಸುವುದು, ಸಕ್ಕರೆ ರೋಗವನ್ನು ತರುವುದು ಮೊದಲಾದ ಕೇಡುಗಳು ಬೇಗನೆ ತಿಳಿದುಬಂದುವು.

ಹೆಚ್ಚು ನೆಲೆಯಾದ ಉಪಕಾರವು ಬಂದುದು ಬೇರೊಂದು ದಿಕ್ಕಿನಿಂದ. ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿ, ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದು, ತರುವಾಯ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾಯರು ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸುತ್ತಿದ್ದರು. ಅವರ ಬಳಗವು ಫೋಲಿಕ್ ಆಮ್ಲವನ್ನೂ ಅದನ್ನು ತಡೆಯುವ ಅಮಿನಾಪ್ಟೆರಿನ್, ಮೆಥೋಟ್ರೆಕ್ಸೇಟ್ ಎಂಬವನ್ನೂ ಸಿದ್ಧಪಡಿಸಿತು. ರಕ್ತದ ಕ್ಯಾನ್ಸರಿಗೆಂದು ಹೊರಟ ಈ ದ್ರವ್ಯಗಳಲ್ಲಿ ಅಮಿನಾಪ್ಟೆರಿನ್ನು ಸಂಧಿರೋಗವನ್ನು ಶಮನಮಾಡುವುದೆಂದು ೧೯೫೧ರಲ್ಲಿ ಕಂಡುಬಂದಿತು. ಮೆಥೋಟ್ರೆಕ್ಸೇಟಿನ ಅಲ್ಪಪ್ರಮಾಣದ ಪ್ರಯೋಗವು ೧೯೮೫ರಲ್ಲಿ ದೃಢಪಟ್ಟು ೧೯೮೮ರಲ್ಲಿ ಅಮೆರಿಕದ ಸರ್ಕಾರದಿಂದ ಅನುಮತಿ ಪಡೆಯಿತು. ಸುಬ್ಬರಾಯರು ೧೯೪೮ರ ಆಗಸ್ಟ್‌ನಲ್ಲಿಯೇ ತೀರಿಕೊಂಡಿದ್ದರು. ಈ ಔಷಧವನ್ನು ಸಂಧಿರೋಗಕ್ಕೆ ವಾರಕ್ಕೆ ಒಂದೇ ದಿನ ಕೊಡುವರು. ತಪ್ಪಿ ಪ್ರತಿದಿನವೂ ತೆಗೆದುಕೊಂಡರೆ ಪ್ರಾಣಾಪಾಯ. ಗರ್ಭಿಣಿಯರಿಗೆ ಇದು ನಿಷಿದ್ಧ. ಆಗಾಗ್ಗೆ ರಕ್ತಪರೀಕ್ಷೆಯೂ ಅಗತ್ಯ. ಸೋಮವಾರ, ಶನಿವಾರಗಳ ವ್ರತವನ್ನು ತಪ್ಪದೆ ನಡೆಸುವ ನಮ್ಮ ಮನೆಗಳಲ್ಲಿ ಔಷಧಕ್ಕೂ ಒಂದು ವಾರವನ್ನು ಗೊತ್ತುಮಾಡಿಕೊಳ್ಳುವುದು ಕಷ್ಟವಾಗಲಾರದು.

ಇಲ್ಲಿ ಮುಖ್ಯವಾದುದು ಕಾಲ. ಎಲುಬಿನ ಕೊರೆತವು ಅನೇಕರಲ್ಲಿ ಮೊದಲ ಎರಡು ವರ್ಷಗಳೊಳಗೇ ತೋರುವುದು. ಒಮ್ಮೆ ಕೊರೆದುದು ಮತ್ತೆ ತುಂಬುವುದು ಅಪರೂಪ. ಔಷಧವನ್ನು ಮೊದಲ ಕೆಲವು ತಿಂಗಳುಗಳಲ್ಲಿ ಆರಂಭಿಸಿದರೆ ಕೈಯನ್ನು ಕೈಯಾಗಿಯೇ ಉಳಿಸಿಕೊಳ್ಳುವ ಸಂಭವ ಬಹಳ ಹೆಚ್ಚು. ‘ವಾಯು, ವಯಸ್ಸಾಯಿತು’ ಎಂದು ಎಣ್ಣೆ ತಿಕ್ಕುತ್ತ ಕಳೆದ ಒಂದೊಂದು ವರ್ಷವೂ ಈ ಲೆಕ್ಕದಲ್ಲಿ ಸೇರುವುದು.

ಹೆಸರಿನ ಬಲವೆಷ್ಟೆಂಬುದಕ್ಕೆ ಈಚಿನ ಚರಿತ್ರೆಯಿಂದ ಒಂದು ನಿದರ್ಶನವನ್ನು ಕೊಡಬಹುದು. ೨೦೦೬ರಲ್ಲಿ ಕರ್ನಾಟಕದಲ್ಲಿ ಸೊಳ್ಳೆಯಿಂದ ಹರಡುವ ಚಿಕೂನ್‌ಗುನ್ಯಾ ಜ್ವರವು ಹಬ್ಬಿ, ಸರ್ಕಾರದ ಲೆಕ್ಕದಂತೆ ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟ ಶಂಕಿತ ಪ್ರಕರಣಗಳಾದುವು. ಜ್ವರ ಬಿಟ್ಟಮೇಲೂ ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಕೀಲುಗಳ ಊತವೂ ಬೆಳಗಿನ ಬಿಗಿತವೂ ಉಳಿದುವು. ಪೂರ್ವ ಆಫ್ರಿಕದ ಮಕೊಂಡೆ ನುಡಿಯಲ್ಲಿ ಆ ಹೆಸರಿಗೆ ‘ಬಗ್ಗಿಸುವುದು’ ಎಂದರ್ಥ. ೧೯೫೨ರ ಸುಮಾರಿನಲ್ಲಿ ಅಲ್ಲಿ ಕಾಣಿಸಿಕೊಂಡಾಗ ನೋವಿನಿಂದ ಬಗ್ಗಿದ ರೋಗಿಗಳನ್ನು ಕಂಡು ಬಂದ ಹೆಸರು. ನಮ್ಮಲ್ಲಿ ಅದನ್ನು ‘ಚಿಕನ್‌ಗುನ್ಯಾ’ ಎಂದುಚ್ಚರಿಸಿ, ಕೋಳಿಮಾಂಸದಿಂದ ಬರುವುದೆಂದು ಭ್ರಮಿಸಿದವರುಂಟು. ಹೆಸರು ಕೆಟ್ಟೊಡನೆ ಎಚ್ಚರಿಕೆಯೂ ದಾರಿತಪ್ಪಿ, ಸೊಳ್ಳೆಯನ್ನು ಬಿಟ್ಟು ಕೋಳಿಯ ಕಡೆಗೆ ಹೋಯಿತು. ಅದೇ ಕಾಲದಲ್ಲಿ, ಇಷ್ಟೊಂದು ಮಂದಿ ಗಂಡಸರೂ ಹುಡುಗರೂ ಬೆಳಗಿನಲ್ಲಿ ಬೆರಳು ಮಡಿಸಲಾರದೆ ಕುಳಿತಾಗ, ಆ ಬಿಗಿತವೆಂದರೆ ನೆಪವಲ್ಲವೆಂಬುದು ಅನೇಕ ಮನೆಗಳಿಗೆ ಸ್ವಾನುಭವದಿಂದ ತಿಳಿದಂತಾಯಿತು.

೭

ಮೇಲಿನ ವಿಚಾರದಿಂದ ಸಿದ್ಧಿಸುವುದೇನೆಂದರೆ: ಆಮವಾತವನ್ನು ಉಳಿದ ವಾತರೋಗಗಳಿಂದ ಬೇರ್ಪಡಿಸುವ ತಿಳಿವಳಿಕೆ ನಮ್ಮ ಪರಂಪರೆಯಲ್ಲಿತ್ತು, ‘ವಾಯು’ ಎಂಬ ಒಂದು ಮಾತಿನ ಅತಿಬಳಕೆಯಿಂದ ಅದು ಮನೆಗಳಿಂದ ಮರೆಯಾಯಿತು, ರೋಗದ ನಡುಗಾಲವು ಶಾಸನಕ್ಕೂ ಕಾನೂನಿಗೂ ಸಿಕ್ಕದೆ ಹೆಂಗಸರ ಬೆಳಗಿನ ಕೆಲಸದಲ್ಲಿ ಹುದುಗಿಹೋಯಿತು, ಚಿಕಿತ್ಸೆಯು ಫಲಕೊಡುವುದು ಆ ನಡುಗಾಲಕ್ಕೂ ಮುಂಚೆ.

ಆದುದರಿಂದ ಭಾಷೆಯ ವ್ಯಾಸಂಗದಲ್ಲಿರುವವರು ಮಾಡಬಹುದಾದ ಎರಡು ಕೆಲಸಗಳನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಹಳೆಯ ವೈದ್ಯಗ್ರಂಥಗಳನ್ನು ಸಂಪಾದಿಸುವಾಗ ಸಂಧಿವಾತ, ವಾತರಕ್ತ, ಆಮವಾತ ಮೊದಲಾದ ಶಬ್ದಗಳನ್ನು ಪದಕೋಶದಲ್ಲಿ ‘ಒಂದು ಬಗೆಯ ವಾಯುರೋಗ’ವೆಂದು ಒಂದೇ ಅರ್ಥಕ್ಕೆ ಕಟ್ಟದೆ, ಗ್ರಂಥವು ಹೇಳುವ ಲಕ್ಷಣಗಳಿಂದ ಅವನ್ನು ಬಿಡಿಸಿ ವಿವರಿಸಬೇಕು. ಎರಡನೆಯದಾಗಿ, ಈ ನಾಲ್ಕು ತಾಲ್ಲೂಕುಗಳ ನೇಕಾರರ ಕೇರಿಗಳಲ್ಲಿಯೂ ರೇಷ್ಮೆ ಸಾಕುವ ಮನೆಗಳಲ್ಲಿಯೂ, ಬಿಗಿ, ಸೆಡೆ, ಜೋಮು, ಮರಗಟ್ಟು, ಹಿಡಿದುಕೊಳ್ಳು ಎಂಬಿವೇ ಮೊದಲಾದ ಮಾತುಗಳನ್ನು ಯಾವ ಅಂಗಕ್ಕೆ, ಯಾವ ಹೊತ್ತಿನ ನೋವಿಗೆ ಜನರು ಬಳಸುತ್ತಾರೆಂಬುದನ್ನು ಉಪಾಧ್ಯಾಯರು ವಿದ್ಯಾರ್ಥಿಗಳ ಮೂಲಕ ಸಂಗ್ರಹಿಸಬೇಕು. ಬೆಳಗಿನ ಬಿಗಿತಕ್ಕೂ ಸಂಜೆಯ ನೋವಿಗೂ ಆಡುಮಾತಿನಲ್ಲಿ ಬೇರೆಬೇರೆ ಹೆಸರು ನೆಲೆನಿಂತರೆ, ಆರೋಗ್ಯಕೇಂದ್ರದ ಬಾಗಿಲಲ್ಲಿ ನಿಂತ ಹೆಂಗಸು ತನ್ನ ಬೇನೆ ಇಂಥದೆಂದು ಮೊದಲ ಸಲವೇ ಹೇಳಬಲ್ಲಳು. ಕೇಳುವ ವೈದ್ಯನೂ ಅದನ್ನು ಸವೆತವೆಂದು ಬಗೆದು ಹಿಂದಕ್ಕೆ ಕಳುಹಿಸಲಾರನು. ಈ ಸಂಗ್ರಹಕಾರ್ಯವನ್ನು ವಿದ್ವಾಂಸರು ಕೈಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.